ಹೆಸರಿಗೊಂದು ‘ಡಾ.’

ನಮ್ಮ ಬಡಾವಣೆಯ ತಿರುವಿನಲ್ಲಿ ಕಳೆದ ತಿಂಗಳು ಎದ್ದು ನಿಂತ ಫ್ಲೆಕ್ಸಿನಲ್ಲಿ ಕರಿಯ ಗೌನು ಧರಿಸಿ, ತಲೆಯ ಮೇಲೆ ಮೈಸೂರು ಪೇಟ ಇದ್ದುದರಿಂದ ಘಟಿಕೋತ್ಸವದ ಟೊಪ್ಪಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ನಗುತ್ತಿದ್ದ ಮಹನೀಯರು ನಮ್ಮ ಎದುರುಮನೆಯವರೇ ಎಂಬುದನ್ನು ಗುರುತಿಸಲು ನನಗೆ ಎರಡು ದಿನ ಬೇಕಾದವು. ಮೂವತ್ತು ವರ್ಷ ಹಾರ್ಡ್‌ವೇರ್ ಅಂಗಡಿ ನಡೆಸಿ, ತೂಕದಲ್ಲಿ ಒಂದು ಮೊಳೆಯಷ್ಟೂ ಮೋಸ ಮಾಡದೆ, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ, ಕೈಸಾಲವಿಲ್ಲದೆ ಮನೆ ಕಟ್ಟಿಸಿ, ರಾತ್ರಿ ಹತ್ತಕ್ಕೆ ಮಲಗಿದರೆ ಬೆಳಗಿನವರೆಗೂ ಎಚ್ಚರಗೊಳ್ಳದ ಈ ಮನುಷ್ಯನಿಗೆ ಬದುಕಿನಲ್ಲಿ ಏನೋ ಕೊರತೆಯಿದೆಯೆಂದು ನಮಗಾರಿಗೂ ಅನ್ನಿಸಿರಲಿಲ್ಲ. ಅವರಿಗೆ ಅನ್ನಿಸಿತ್ತು. “ಇಷ್ಟು ವರ್ಷ ಏನು ಸಾಧನೆ ಮಾಡಿದಿರಿ ಅಂತ ಬೀಗರು ಕೇಳಿದರೆ, ಮೊಳೆ ಮಾರಿದೆ ಅಂತ ಹೇಳೋಕಾಗುತ್ತಾ ಸ್ವಾಮಿ?” ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ನಾನಂತೂ ಮೊಳೆಯನ್ನೂ ಮಾರಿದವನಲ್ಲ.

ಸಾಧನೆ ಅವರಿಗೆ ಫೋನಿನಲ್ಲಿ ಬಂತು. ನಿಮ್ಮ ಸಮಾಜಸೇವೆಯನ್ನು ನಮ್ಮ ವಿಶ್ವವಿದ್ಯಾಲಯ ಗುರುತಿಸಿದೆ ಎಂದು ಹೇಳಿದ ದನಿ, ಗುರುತಿಸಿದ ಸೇವೆ ಯಾವುದೆಂಬುದನ್ನು ಒಂದು ಪುಟಕ್ಕೆ ಮೀರದಂತೆ ತಾವೇ ಬರೆದು, ಎರಡು ಪಾಸ್‌ಪೋರ್ಟ್ ಅಳತೆಯ ಭಾವಚಿತ್ರಗಳೊಡನೆ ಕಳುಹಿಸಬೇಕೆಂದು ವಿನಂತಿಸಿತು. ಗೌರವ ಡಾಕ್ಟರೇಟ್ ಪದವಿ ಉಚಿತ, ಗೌನಿನ ಬಾಡಿಗೆ, ಫಲಕ, ಶಾಲು, ಸಭಾಂಗಣ ಮತ್ತು ಮಧ್ಯಾಹ್ನದ ಊಟಕ್ಕೆಂದು ಕೊಡುವುದು ಕೇವಲ ದೇಣಿಗೆ. ಸಮಾರಂಭದಲ್ಲಿ ವೇದಿಕೆ ಏರಿದವರ ಸಂಖ್ಯೆಗೂ ಕೆಳಗೆ ಕುಳಿತವರ ಸಂಖ್ಯೆಗೂ ಅಂಥ ಅಂತರವೇನೂ ಇರಲಿಲ್ಲವಂತೆ. ಪ್ರತಿಯೊಬ್ಬ ಸಾಧಕನಿಗೂ ಅವನ ಮನೆಯವರು ಮಾತ್ರ ಚಪ್ಪಾಳೆ ತಟ್ಟಿದ್ದರಿಂದ ಕಾರ್ಯಕ್ರಮ ಅತ್ಯಂತ ಶಿಸ್ತಿನಿಂದ ಮುಗಿಯಿತು.

ಕಾನೂನು ಮಾತ್ರ ಇಂಥ ಔದಾರ್ಯವನ್ನು ಅರಿಯದು. 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಪದವಿ ಕೊಡುವ ಹಕ್ಕಿರುವುದು ಶಾಸನದಿಂದ ಸ್ಥಾಪಿತವಾದ ಅಥವಾ ಹಾಗೆಂದು ಮಾನ್ಯತೆ ಪಡೆದ ವಿಶ್ವವಿದ್ಯಾಲಯಗಳಿಗೆ ಮತ್ತು ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ಅದೇ ಯುಜಿಸಿ ಪ್ರಕಟಿಸುತ್ತ ಬಂದಿರುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ನಮ್ಮ ಗೋಕಾಕದ ಹೆಸರೂ ಬಹುಕಾಲ ರಾರಾಜಿಸಿದೆ. ಕರದಂಟಿನಿಂದಲೇ ಸಾಕಷ್ಟು ಹೆಸರು ಮಾಡಿದ ಊರಿಗೆ ಈ ಹೆಚ್ಚುವರಿ ಕೀರ್ತಿ ಬೇಕಿರಲಿಲ್ಲ. 2020ರಲ್ಲಿ ಮೈಸೂರಿನ ಹೋಟೆಲೊಂದರಲ್ಲಿ ಇಂಥದೇ ಪದವಿ ಪ್ರದಾನ ನಡೆಯುತ್ತಿದ್ದಾಗ ಪೊಲೀಸರು ಒಳಹೊಕ್ಕು ನಿಲ್ಲಿಸಿದರು. 1916ರಷ್ಟು ಹಿಂದೆಯೇ ವಿಶ್ವವಿದ್ಯಾಲಯ ಪಡೆದ ನಗರದಲ್ಲಿ ಪದವಿಗಾಗಿ ಹೋಟೆಲಿಗೆ ಹೋಗುವಂತಾದುದರ ಬಗ್ಗೆ ಯಾರೂ ದುಃಖಿಸಿದಂತೆ ಕಾಣಲಿಲ್ಲ.

ಹುಲಿಕಲ್ಲು–ಕುದೂರು ರಸ್ತೆಯುದ್ದಕ್ಕೂ ಆಲದ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಸಾಲುಮರದ ತಿಮ್ಮಕ್ಕನವರಿಗೆ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ 2020ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ಅಷ್ಟರಲ್ಲಿ ಆ ಮರಗಳಿಗೇ ಅರ್ಧ ಶತಮಾನಕ್ಕಿಂತ ಹೆಚ್ಚು ವಯಸ್ಸಾಗಿತ್ತು. ನಮ್ಮವರ ವ್ಯವಸ್ಥೆಯಲ್ಲಿ ಅಷ್ಟು ಕಾಯಬೇಕಿಲ್ಲ. ವಿಶ್ವ ಪರಿಸರ ದಿನದಂದು ಒಂದು ಸಸಿಯ ಸುತ್ತ ಹನ್ನೊಂದು ಮಂದಿ ಕೈಯಿಟ್ಟು ಫೋಟೋ ತೆಗೆಸಿಕೊಂಡರೆ ಹನ್ನೊಂದು ಅರ್ಜಿಗಳಿಗೆ ಆಧಾರ ಸಿದ್ಧವಾಗುತ್ತದೆ. ಸಸಿ ಬದುಕಿದೆಯೇ ಎಂದು ಅರ್ಜಿಯಲ್ಲಿ ಎಲ್ಲಿಯೂ ಕೇಳಿರುವುದಿಲ್ಲ.

ಪದವಿಯ ನಿಜವಾದ ಕೆಲಸ ಆರಂಭವಾಗುವುದು ಮನೆಗೆ ಬಂದ ಮೇಲೆ. ಗೌರವ ಡಾಕ್ಟರೇಟ್ ಪಡೆದವರು ಅದನ್ನು ಹೆಸರಿಗೆ ಅಂಟಿಸಿಕೊಳ್ಳಬಾರದೆಂಬ ರೂಢಿಯೊಂದು ವಿದ್ವತ್ ವಲಯದಲ್ಲಿದೆ. ಆದರೆ ಆ ಒಂದಕ್ಷರ ಕೂರುವುದು ಹೆಸರಿನ ಹಿಂದೆಯೋ ಮುಂದೆಯೋ ಎಂಬುದೇ ಕನ್ನಡದಲ್ಲಿ ಇನ್ನೂ ಇತ್ಯರ್ಥವಾಗಿಲ್ಲದಿರುವಾಗ, ಕೂರಬಾರದೆಂಬ ನಿಯಮವನ್ನು ಪಾಲಿಸುವುದಾದರೂ ಹೇಗೆ? ನಮ್ಮ ನೆರೆಯವರು ಗ್ರಾನೈಟ್ ಫಲಕವನ್ನು ಹೊಸದಾಗಿ ಕೆತ್ತಿಸಿದರು. ಕೆತ್ತುವವನು ಅಕ್ಷರದ ಲೆಕ್ಕದಲ್ಲಿ ಹಣ ಪಡೆದು ಚುಕ್ಕಿಯನ್ನು ಮಾತ್ರ ಪುಕ್ಕಟೆಯಾಗಿ ಕೊಟ್ಟನಂತೆ. ಇಡೀ ವ್ಯವಹಾರದಲ್ಲಿ ರಿಯಾಯಿತಿ ದೊರೆತದ್ದು ಅದೊಂದಕ್ಕೇ. ಕಿರಿಯ ಮಗಳ ಲಗ್ನಪತ್ರಿಕೆಯನ್ನು ಮರುಮುದ್ರಿಸಲಾಯಿತು. ಅಂಗಡಿಯ ಬಿಲ್ ಪುಸ್ತಕದಲ್ಲಿಯೂ ‘ಡಾ.’ ಬಂದುದರಿಂದ ಪೇಂಟ್ ಡಬ್ಬಿ ಕೊಂಡವರು ಅದನ್ನು ಔಷಧಿ ಚೀಟಿಯಂತೆ ತಿರುಗಿಸಿ ನೋಡುತ್ತಿದ್ದಾರೆ.

ಮೊನ್ನೆ ಸಹಕಾರಿ ಬ್ಯಾಂಕಿನಲ್ಲಿ ಅವರ ಪಕ್ಕದಲ್ಲಿಯೇ ಕುಳಿತಿದ್ದೆ. ಕೌಂಟರಿನ ಹುಡುಗಿ ಪಾಸ್‌ಬುಕ್ಕಿನಲ್ಲಿದ್ದಂತೆ ಬರಿಯ ಹೆಸರನ್ನು ಮೂರು ಸಲ ಕೂಗಿದಳು. ಅವರು ಅಲುಗಲಿಲ್ಲ. ಕೇಳಿಸಲಿಲ್ಲವೇನೋ ಎಂದು ನಾನು ಮೊಣಕೈಯಿಂದ ತಿವಿದಾಗ, “ನನ್ನನ್ನಲ್ಲ ಬಿಡಿ, ಬೇರೆ ಯಾರನ್ನೋ ಇರಬೇಕು” ಎಂದರು. ಅವರ ಸರದಿ ದಾಟಿ ಮುಂದಿನವರ ಹೆಸರು ಬಂತು.