ಹಕ್ಕಿಜ್ವರದ ಮೆಸೇಜ್: ಒಂದು ಸ್ಪಷ್ಟನೆ

"ಒಮ್ಮೆ ಎಚ್1ಎನ್1 (ಹಂದಿಜ್ವರ) ಬಂದು ಹೋದವರಿಗೆ ಹಕ್ಕಿಜ್ವರ ತಗಲುವುದೇ ಇಲ್ಲ" ಎಂಬ ಮೆಸೇಜ್ ಬೆಂಗಳೂರಿನ ಗ್ರೂಪುಗಳಲ್ಲಿ ಓಡಾಡುತ್ತಿದೆ. ನಿನ್ನೆ ನಾನೂ ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

ಎಚ್1ಎನ್1, ಹಕ್ಕಿಜ್ವರದ ಎಚ್5ಎನ್1 ಎರಡೂ ವೈರಸ್ಸುಗಳ ಹೊರಮೈಯಲ್ಲಿ ಎನ್1 ಎಂಬ ಪ್ರೋಟೀನ್ ಇದೆ. ಹಳೆಯ ಜ್ವರದಲ್ಲಿ ಹುಟ್ಟಿದ ಪ್ರತಿಕಾಯಗಳು (ಆಂಟಿಬಾಡಿಗಳು) ಅದನ್ನು ಒಂದಿಷ್ಟು ಗುರುತು ಹಿಡಿಯುತ್ತವೆ ಎಂಬುದು ನಿಜ. ಫೆರೆಟ್ ಎಂಬ ಮುಂಗುಸಿಯಂಥ ಪುಟ್ಟ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಹೀಗೆ ಕಾಯಿಲೆಯ ತೀವ್ರತೆ ತಗ್ಗಿದೆ. ತಗ್ಗುವುದು ಬೇರೆ, ತಗಲದೇ ಇರುವುದು ಬೇರೆ. ವೈರಸ್ಸು ಜೀವಕೋಶಕ್ಕೆ ಅಂಟಿಕೊಳ್ಳುವುದು ಎಚ್ ಎಂಬ ಇನ್ನೊಂದು ಪ್ರೋಟೀನಿನಿಂದ. ಅದು ಎರಡರಲ್ಲೂ ಒಂದೇ ಅಲ್ಲ: ಒಂದರಲ್ಲಿ ಎಚ್1, ಹಕ್ಕಿಜ್ವರದ್ದರಲ್ಲಿ ಎಚ್5. ಪ್ರತಿವರ್ಷದ ಫ್ಲೂ ಲಸಿಕೆಯಲ್ಲೂ ಎಚ್5 ಇರುವುದಿಲ್ಲ.

ರಸೆಲ್ ಮಾರ್ಕೆಟ್ಟಿನಲ್ಲಿ ಬರಿಗೈಯಲ್ಲಿ ಕೋಳಿಪುಕ್ಕ ಕೀಳುವ ಹುಡುಗರಿಗೂ ಈ ಮೆಸೇಜ್ ತಲುಪಬಹುದು. ದಯವಿಟ್ಟು ಫಾರ್ವರ್ಡ್ ಮಾಡುವುದನ್ನು ನಿಲ್ಲಿಸಿ, ಕಳಿಸಿದ್ದರೆ ಅಳಿಸಿಬಿಡಿ.