ಅಪ್‌ಡೇಟ್ ಬಂದ ಕೂಡಲೇ ಒತ್ತಬೇಕೇ?

ಪರ: ಒಡೆದ ಹಂಚನ್ನು ಮಳೆಗಾಲ ಮುಗಿದ ಮೇಲೆ ಬದಲಿಸುವುದಾ?

ಮಂಗಳೂರಿನ ಕಂಕನಾಡಿಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಗಿರಾಕಿ ಫೋನ್ ಕೈಗಿಟ್ಟರೆ ಒಡೆದ ಗ್ಲಾಸಿಗಿಂತ ಮೊದಲು ನನ್ನ ಕಣ್ಣು ಹೋಗುವುದು ಸೆಟ್ಟಿಂಗ್ಸ್ ಒಳಗೆ ‘ಸೆಕ್ಯುರಿಟಿ ಪ್ಯಾಚ್’ (ತಂತ್ರಾಂಶದ ತೂತು ಮುಚ್ಚುವ ತೇಪೆ) ಎಂಬ ಸಾಲಿನ ಎದುರಿರುವ ತಾರೀಕಿಗೆ. ಹಾಲಿನ ಪ್ಯಾಕೆಟಿನ ತಾರೀಕನ್ನು ತಿರುಗಿಸಿ ತಿರುಗಿಸಿ ನೋಡುವವರು ಇದನ್ನು ಯಾಕೆ ನೋಡುವುದಿಲ್ಲವೋ!

ಮೊನ್ನೆ ಬಂದರಿನ ದಕ್ಕೆಯಿಂದ ಬೋಟು ನಡೆಸುವ ತಾಂಡೇಲರೊಬ್ಬರು ಚಾರ್ಜಿಂಗ್ ಪಿನ್ ಹಾಕಿಸಲು ಬಂದಿದ್ದರು. ಉಪ್ಪುನೀರಿನ ಗಾಳಿಗೆ ಪಿನ್ ಹಸಿರುಗಟ್ಟಿತ್ತು. ತಾರೀಕು ನೋಡಿದರೆ ಎರಡೂವರೆ ವರ್ಷ ಹಿಂದಿನದ್ದು. ಅವರ ಪ್ರಕಾರ ತಪ್ಪೇನೂ ಇಲ್ಲ. ಹತ್ತು ದಿನ ಕಡಲಲ್ಲಿದ್ದು ದಡ ಹತ್ತಿರವಾದಾಗ ಟವರ್ ಸಿಗುತ್ತದೆ, ಮೆಸೇಜುಗಳೆಲ್ಲ ಒಟ್ಟಿಗೆ ದಬದಬ ಬೀಳುತ್ತವೆ, ಅದರ ನಡುವೆ ಅಪ್‌ಡೇಟಿನದ್ದೂ ಒಂದು. “ಮತ್ತೆ ನೋಡುವ” ಎಂದು ತಳ್ಳಿದರೆ ಮುಗಿಯಿತು. ಡೀಸೆಲಿನ ದುಡ್ಡು, ಐಸಿನ ಲೆಕ್ಕ, ಬೋಟಿನವರ ಪಾಲು, ಎಲ್ಲ ಅದೇ ಫೋನಿನ ಯುಪಿಐಯಲ್ಲಿ.

ಅವರಿಗೆ ನಾನು ಹೇಳಿದ್ದು ಇಷ್ಟೇ. ಫೋನಿನ ತಂತ್ರಾಂಶದಲ್ಲಿ ತೂತು ಕಂಡವರು ಮೊದಲು ಗುಟ್ಟಾಗಿ ಕಂಪನಿಗೆ ತಿಳಿಸುತ್ತಾರೆ. ಕಂಪನಿ ತೇಪೆ ಹಾಕಿ ಬಿಡುಗಡೆ ಮಾಡುತ್ತದೆ, ಏನೇನು ಸರಿಮಾಡಿದೆವು ಎಂಬ ಪಟ್ಟಿಯನ್ನೂ ಹಾಕುತ್ತದೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತೂತು ಎಲ್ಲಿತ್ತೆಂದು ಕಳ್ಳನಿಗೂ ಗೊತ್ತಾಗುತ್ತದೆ. ಹಾಗಾಗಿ ಅಪ್‌ಡೇಟ್ ಬಂದ ದಿನದಿಂದ ಹಾಕದವರ ಫೋನಿಗೆ ಮೊದಲಿಗಿಂತ ಹೆಚ್ಚು ಅಪಾಯ.

2017ರಲ್ಲಿ ಕಂಪ್ಯೂಟರುಗಳಿಗೆ ಆದದ್ದು ಇದೇ. ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೆ ತೇಪೆ ಕೊಟ್ಟಿತ್ತು. ಮೇ 12ಕ್ಕೆ, ಅದೇ ತೂತಿನಿಂದ ನುಗ್ಗಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಎಂಬ ವೈರಸ್ ಬಂತು. 150ಕ್ಕೂ ಹೆಚ್ಚು ದೇಶಗಳಲ್ಲಿ ಕಂಪ್ಯೂಟರುಗಳು ಬೀಗ ಬಿದ್ದು ನಿಂತವು, ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸು ಕಳಿಸಿದರು. ಮದ್ದು ಕೈಸೇರಿ ಎರಡು ತಿಂಗಳಾಗಿತ್ತು, ಕುಡಿದಿರಲಿಲ್ಲ.

“ನಾನು ಕಂಡಕಂಡ ಲಿಂಕ್ ಒತ್ತುವವನಲ್ಲ” ಎನ್ನುವ ಜಾಣರೂ ಬರುತ್ತಾರೆ. 2015ರಲ್ಲಿ ಆಂಡ್ರಾಯ್ಡ್‌ನ ಸ್ಟೇಜ್‌ಫ್ರೈಟ್ ದೋಷಕ್ಕೆ ವಿಡಿಯೋ ಇರುವ ಒಂದು ಮೆಸೇಜ್ (ಎಂಎಂಎಸ್) ಬಂದು ಬಿದ್ದರೆ ಸಾಕಿತ್ತು, ಲಿಂಕ್ ಒತ್ತುವುದೇ ಬೇಡ. ಗೂಗಲ್ ತಿಂಗಳು ತಿಂಗಳು ಸೆಕ್ಯುರಿಟಿ ಪ್ಯಾಚ್ ಕೊಡಲು ಶುರುಮಾಡಿದ್ದೇ ಆ ಗಲಾಟೆಯ ನಂತರ. ಐಫೋನಿನವರೂ ಬೀಗಬೇಕಾಗಿಲ್ಲ. ಬೆರಳು ಸೋಕದೆಯೇ ಪೆಗಾಸಸ್ ಎಂಬ ಬೇಹುಗಾರಿಕೆ ತಂತ್ರಾಂಶ ಒಳಗೆ ಬರುತ್ತಿದ್ದ ಒಂದು ದಾರಿಯನ್ನು ಆಪಲ್ ಮುಚ್ಚಿದ್ದು 2021ರ ಸೆಪ್ಟೆಂಬರ್ 13ರಂದು, ಐಫೋನಿನ ತಂತ್ರಾಂಶವಾದ ಐಒಎಸ್‌ನ 14.8ರಲ್ಲಿ. ಪೆಗಾಸಸನ್ನು ನಮ್ಮ ನಿಮ್ಮಂಥವರ ಮೇಲೆ ಯಾರೂ ಬಿಡುವುದಿಲ್ಲ, ಒಪ್ಪಿದೆ. ಆದರೆ ದೊಡ್ಡವರ ಮನೆಗೆ ಮಾಡಿದ ಕೀಲಿಕೈ ಒಂದಲ್ಲ ಒಂದು ದಿನ ಗುಜರಿಗೆ ಬಂದೇ ಬರುತ್ತದೆ.

ಖಾಸಗಿತನದ ಮಾತು ಎತ್ತುವವರಿಗೂ ಒಂದು ಹೇಳಬೇಕು. ಕೆಲವು ವರ್ಷದ ಹಿಂದೆ ಒಬ್ಬರು ಟೀಚರ್ ಬಂದು, “ಸ್ಕ್ರೀನಿನ ಮೂಲೆಯಲ್ಲಿ ಹಸಿರು ಚುಕ್ಕಿ ಬರ್ತಾ ಉಂಟು, ಡಿಸ್‌ಪ್ಲೇ ಹೋಯ್ತಾ?” ಎಂದು ಕೇಳಿದರು. ಅದು ಆಂಡ್ರಾಯ್ಡ್ 12ರ ಜೊತೆ ಬಂದ ಗುರುತು: ಈಗ ಯಾವುದೋ ಆಪ್ ಮೈಕನ್ನೋ ಕ್ಯಾಮೆರಾವನ್ನೋ ಬಳಸುತ್ತಿದೆ ಎಂದು ಅರ್ಥ. ಹುಡುಕಿದರೆ ಮಗ ಹಾಕಿದ್ದ ಒಂದು ಆಟದ ಆಪ್. ಬಹಳ ದಿನ ತೆರೆಯದ ಆಪ್‌ಗಳಿಂದ ಅನುಮತಿ ಕಿತ್ತುಕೊಳ್ಳುವ ವ್ಯವಸ್ಥೆ 2020ರ ಆಂಡ್ರಾಯ್ಡ್ 11ರಲ್ಲಿ ಬಂತು. ಇದೆಲ್ಲ ಬಂದದ್ದು ಅಪ್‌ಡೇಟಿನಲ್ಲೇ.

ಅಪ್‌ಡೇಟ್ ಹಾಕಿದ ಮೇಲೆ ಸ್ಕ್ರೀನಿಗೆ ಉದ್ದಕ್ಕೆ ಹಸಿರು ಗೆರೆ ಬಂದ ಫೋನುಗಳನ್ನು ನಾನೂ ಕಂಡಿದ್ದೇನೆ, ಇಲ್ಲ ಎನ್ನುವುದಿಲ್ಲ. ಕೆಲವು ಕಂಪನಿಗಳು ಪುಕ್ಕಟೆ ಡಿಸ್‌ಪ್ಲೇ ಹಾಕಿಕೊಟ್ಟದ್ದೂ ಉಂಟು. ಆದರೂ ಡಿಸ್‌ಪ್ಲೇ ಹೋದರೆ ನನ್ನ ಹತ್ತಿರ ಬರಬಹುದು. ಬ್ಯಾಂಕಿನ ದುಡ್ಡು ಹೋದರೆ ನಾನೇನು ಮಾಡಲಿ? ನಮ್ಮೂರಲ್ಲಿ ಮೇ ತಿಂಗಳಲ್ಲಿ ಮಾಡಿಗೆ ಹತ್ತುವವರನ್ನು ಹುಡುಕಿಕೊಂಡು ಅಲೆಯುತ್ತೇವೆ. ಬಿರುಕು ಬಿಟ್ಟದ್ದು ಎರಡೇ ಹಂಚು ಇರಬಹುದು, ಮಳೆಗೆ ಅಷ್ಟು ಸಾಕು.

ವಿರೋಧ: ಹಂಚು ಬದಲಿಸಲು ಬಂದವರು ಚಾವಡಿಯನ್ನೇ ಬದಲಿಸಿ ಹೋದರೆ?

ನನ್ನ ಅಮ್ಮನಿಗೆ ಎಂಬತ್ತೊಂದು. ಉಡುಪಿಯ ಕಡಿಯಾಳಿಯ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಸ್ಮಾರ್ಟ್‌ಫೋನಿನಲ್ಲಿ ಕರೆ ತೆಗೆದುಕೊಳ್ಳಲು ಕಲಿಸುವುದಕ್ಕೆ ನನಗೆ ಮೂರು ವಾರ ಹಿಡಿದಿತ್ತು. ಹಸಿರು ಗುಂಡಿಯ ಮೇಲೆ ಬೆರಳಿಟ್ಟು ಮೇಲಕ್ಕೆ ಜಾರಿಸುವುದು, ದೋಸೆ ಮಗುಚುವ ಹಾಗೆ. ಆ ಹೋಲಿಕೆ ಅವರದ್ದೇ. ಆಮೇಲೆ ತಪ್ಪಲಿಲ್ಲ. ಮಸ್ಕತ್ತಿನಲ್ಲಿರುವ ನನ್ನ ತಮ್ಮ ರಾತ್ರಿ ಎಂಟಕ್ಕೆ ಫೋನ್ ಮಾಡಿದರೆ ಎರಡನೇ ರಿಂಗಿಗೆ ಎತ್ತುತ್ತಿದ್ದರು.

2025ರ ಆಗಸ್ಟಿನ ಒಂದು ಬೆಳಗ್ಗೆ ಆ ಸ್ಕ್ರೀನೇ ಬೇರೆಯಾಗಿತ್ತು. ಗುಂಡಿಯನ್ನು ಈಗ ಅಡ್ಡಕ್ಕೆ ಜಾರಿಸಬೇಕು. ಅಮ್ಮ ಯಾವ ಅಪ್‌ಡೇಟನ್ನೂ ಒತ್ತಿದವರಲ್ಲ, ಅದು ತಾನಾಗಿ ಬಂದು ಕೂತದ್ದು. ಆ ರಾತ್ರಿ ತಮ್ಮ ನಾಲ್ಕು ಸಲ ಮಾಡಿದ. ಅಮ್ಮ ನಾಲ್ಕು ಸಲವೂ ಮೇಲಕ್ಕೇ ಜಾರಿಸಿದರು. ಕೊನೆಗೆ ಅವನು ಹೆದರಿ ಪಕ್ಕದ ಮನೆಯವರನ್ನು ಎಬ್ಬಿಸಿದ. ಮರುದಿನ ನಾನು ಹೋದಾಗ ಅಮ್ಮ ಕೇಳಿದ್ದು, “ಎಂತ ಮಾಡಿದ್ದು ನೀನು ಇದಕ್ಕೆ?”

ಕಂಕನಾಡಿಯ ಮಿತ್ರರ ಹಂಚಿನ ಮಾತಿಗೆ ನನ್ನ ತಕರಾರಿಲ್ಲ. ಒಡೆದ ಹಂಚು ಬದಲಿಸಲಿ. ಆದರೆ ಮಾಡಿಗೆ ಹತ್ತಿದವನು ಇಳಿಯುವಾಗ ಚಾವಡಿಯ ಕಂಬ ಜರುಗಿಸಿ, ಅಡುಗೆಮನೆಯ ಬಾಗಿಲು ತಿರುಗಿಸಿ, ಗೋಡೆಗೊಂದು ಜಾಹೀರಾತು ಅಂಟಿಸಿ ಹೋಗುತ್ತಾನೆ. ತೇಪೆ ಬೇಕು ಎಂದವನಿಗೆ ಇದೆಲ್ಲವೂ ಒಂದೇ ಕಟ್ಟಿನಲ್ಲಿ ಬರುತ್ತದೆ, ಬಿಡಿಸಿ ಕೊಡುವುದಿಲ್ಲ. ಕೇಳುವ ರೀತಿಯನ್ನಾದರೂ ನೋಡಿ: ‘ಈಗಲೇ’ ಎಂಬ ಒಂದು ಗುಂಡಿ, ‘ನಂತರ’ ಎಂಬ ಇನ್ನೊಂದು. ‘ಬೇಡ’ ಎಂಬುದು ಇಲ್ಲವೇ ಇಲ್ಲ. ಹಾಕಿದ ಮೇಲೆ ಸರಿಬರದಿದ್ದರೆ ಹಳೆಯದಕ್ಕೆ ಮರಳುವ ದಾರಿಯನ್ನೂ ಹೆಚ್ಚಿನ ಫೋನುಗಳಲ್ಲಿ ಮುಚ್ಚಿರುತ್ತಾರೆ.

ಇದು ಬರೀ ಮುದುಕರ ಗೊಣಗಾಟ ಎನ್ನುವವರು 2017 ನೆನಪಿಸಿಕೊಳ್ಳಲಿ. ಆ ಜನವರಿಯಲ್ಲಿ ಬಂದ ಐಒಎಸ್ 10.2.1 ಹಳೆಯ ಬ್ಯಾಟರಿಯ ಐಫೋನುಗಳ ವೇಗವನ್ನು ಸದ್ದಿಲ್ಲದೆ ತಗ್ಗಿಸಿತು. ಆಪಲ್ ಬಾಯಿಬಿಟ್ಟದ್ದು ಡಿಸೆಂಬರಿನಲ್ಲಿ, ಜನರೇ ಅಳೆದು ಕಂಡುಹಿಡಿದ ಮೇಲೆ. ಹಠಾತ್ತನೆ ಫೋನ್ ಆಫ್ ಆಗದಿರಲಿ ಎಂದು ಮಾಡಿದ್ದಂತೆ. ಇರಬಹುದು, ಹೇಳಿ ಮಾಡಬಹುದಿತ್ತಲ್ಲ? ಮರುವರ್ಷ ಇಟಲಿ ಅಪ್‌ಡೇಟಿನಿಂದ ಫೋನ್ ನಿಧಾನವಾಯಿತೆಂದು ಆಪಲ್‌ಗೆ 1 ಕೋಟಿ ಯೂರೋ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ಹಾಕಿತು. 2025ರ ಜನವರಿಯಲ್ಲಿ ಗೂಗಲ್‌ನ ಪಿಕ್ಸೆಲ್ 4ಎ ಫೋನುಗಳಿಗೆ ತಾನಾಗಿ ಇಳಿದ ಅಪ್‌ಡೇಟ್ ಎಷ್ಟೋ ಫೋನುಗಳಲ್ಲಿ ಬ್ಯಾಟರಿ ಬಾಳಿಕೆಯನ್ನೇ ಕತ್ತರಿಸಿತು. ಇನ್ನು ‘ಕೂಡಲೇ’ ಎಂಬುದರ ಕತೆ: 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೆಕ್ಯುರಿಟಿ ಕಂಪನಿ ಕಳಿಸಿದ ಒಂದು ಕೆಟ್ಟ ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳನ್ನು ಮಲಗಿಸಿತು. ಅದು ಕಾವಲಿನದ್ದೇ ತಂತ್ರಾಂಶ. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಒಂದು ದಿನ ತಡಮಾಡಿ ಹಾಕಿಕೊಂಡವರು ಇದ್ದಿದ್ದರೆ ಅವರಿಗೆ ಏನೂ ಆಗುತ್ತಿರಲಿಲ್ಲ.

ನನಗೆ ಹೆಚ್ಚು ಚಿಂತೆ ಬೇರೆಯದ್ದು. 2018ರ ಆಗಸ್ಟಿನಲ್ಲಿ ದೇಶದ ಎಷ್ಟೋ ಜನರ ಫೋನಿನಲ್ಲಿ, ಯಾರೂ ಬರೆದುಕೊಳ್ಳದ ಆಧಾರ್ ಸಹಾಯವಾಣಿಯ ನಂಬರ್ ಕಂಡಿತು. 2014ರಲ್ಲಿ ತನ್ನಿಂದಲೇ ಸೇರಿಹೋದದ್ದು, ಕಣ್ತಪ್ಪು ಎಂದಿತು ಗೂಗಲ್. ನಂಬರಿನಿಂದ ಯಾರಿಗೂ ನಷ್ಟವಾಗಲಿಲ್ಲ. ಆದರೆ ನಮ್ಮ ಜೇಬಿನ ಪುಸ್ತಕದಲ್ಲಿ ಬೇರೆಯವರೂ ಬರೆಯಬಹುದು ಎಂದು ಅಂದು ಗೊತ್ತಾಯಿತು. 2025ರ ನವೆಂಬರಿನ ಕೊನೆಗೆ ಸಂಚಾರ್ ಸಾಥಿ ಆಪ್ ಎಲ್ಲ ಹೊಸ ಫೋನುಗಳಲ್ಲಿ ಇರಲೇಬೇಕು, ಆಗಲೇ ತಯಾರಾದ ಫೋನುಗಳಿಗೆ ಅಪ್‌ಡೇಟ್ ಮೂಲಕ ಇಳಿಸಲು ಯತ್ನಿಸಬೇಕು ಎಂದು ಕೇಂದ್ರದ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತು. ಗದ್ದಲವೆದ್ದು ಡಿಸೆಂಬರ್ 3ಕ್ಕೆ ಆ ಕಡ್ಡಾಯವನ್ನು ಹಿಂದಕ್ಕೆ ಪಡೆದರು. ಕಳೆದುಹೋದ ಫೋನ್ ಹುಡುಕಲು ಒಳ್ಳೆಯ ಆಪೇ ಅದು, ಬೇಕಾದವರು ಹಾಕಿಕೊಳ್ಳಲಿ. ಆದರೆ ತೇಪೆ ಬರುವ ದಾರಿಯಲ್ಲೇ ಏನನ್ನು ಬೇಕಾದರೂ ತರಬಹುದು ಎಂಬ ಯೋಚನೆ ಸರಕಾರಕ್ಕೂ ಹೊಳೆಯಿತಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಹಾಕಿದ ಅರ್ಜಿಯ ಮೇಲೆ. ‘ಈಗಲೇ’, ‘ನಂತರ’ ಎಂಬ ಎರಡು ಗುಂಡಿಗಳ ನಡುವೆ ಆ ಹಕ್ಕನ್ನು ಎಲ್ಲಿ ಒತ್ತುವುದು?

ಇನ್ನು ದುಡ್ಡು ಹೋಗುವ ಮಾತು. ನಮ್ಮ ಬೀದಿಯಲ್ಲಿ ಹೋದದ್ದು ಮದುವೆ ಕರೆಯೋಲೆ ಎಂದು ವಾಟ್ಸಾಪಿಗೆ ಬಂದ ಎಪಿಕೆ ಫೈಲನ್ನು (ಫೋನಿಗೆ ಆಪ್ ಹಾಕುವ ಫೈಲು) ಒತ್ತಿ, ಕೇಳಿದ ಅನುಮತಿಯನ್ನೆಲ್ಲ ಕೊಟ್ಟದ್ದರಿಂದ. ಹೊಚ್ಚಹೊಸ ಫೋನು, ಪ್ಯಾಚಿನ ತಾರೀಕೂ ಅದೇ ತಿಂಗಳದ್ದು.

ನಾನು ಅಮ್ಮನ ಫೋನಿಗೆ ಸೆಕ್ಯುರಿಟಿ ಪ್ಯಾಚ್ ಹಾಕುತ್ತೇನೆ, ಬಂದು ಹತ್ತು ದಿನ ಕಳೆದ ಮೇಲೆ, ಭಾನುವಾರ, ನನ್ನ ಕೈಯಿಂದಲೇ. ಫೋನ್ ಮಾಡುವ ಆಪಿನ ಆಟೋ ಅಪ್‌ಡೇಟ್ ನಿಲ್ಲಿಸಿದ್ದೇನೆ. ಸೆಟ್ಟಿಂಗ್ಸ್‌ನಲ್ಲಿ ಹುಡುಕಿ, ಒತ್ತಿದರೆ ಸಾಕು ಎತ್ತಿಕೊಳ್ಳುವ ಹಾಗೆ ಮಾಡಿಕೊಟ್ಟಿದ್ದೇನೆ. ಅಮ್ಮ ಈಗಲೂ ಮೊದಲು ಮೇಲಕ್ಕೇ ಜಾರಿಸಿ ನೋಡುತ್ತಾರೆ, ಆಮೇಲೆ ಕನ್ನಡಕ ಹುಡುಕುತ್ತಾರೆ. ತಮ್ಮ ಹತ್ತು ರಿಂಗ್ ಆಗುವವರೆಗೆ ಕಾಯುವುದನ್ನು ಕಲಿತಿದ್ದಾನೆ.