ಸತ್ಯಾಂಶ: ತೂತು ತೋರಿಸಿದವನೇ ಕಳ್ಳನಾ?

“ಸಾಫ್ಟ್‌ವೇರಲ್ಲಿ ತೂತು ಹುಡುಕಿ ಊರಿಗೆಲ್ಲ ಹೇಳೋರಿಂದಾನೇ ವೈರಸ್ ಬರೋದು, ವಾನಾಕ್ರೈ ನೋಡಿ, ಅಂಥೋರನ್ನ ಒಳಗೆ ಹಾಕ್ಬೇಕು” ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ. ಇದು ತಪ್ಪು, ಅವ್ರು ಕೊಟ್ಟಿರೋ ಉದಾಹರಣೇನೇ ಉಲ್ಟಾ ಹೊಡಿಯುತ್ತೆ. ತೂತು ಅಂದ್ರೆ ಕಳ್ಳರು ಒಳಗೆ ನುಗ್ಗೋಕೆ ಆಗೋ ಲೋಪ, ವಾನಾಕ್ರೈ ಅಂದ್ರೆ 2017ರಲ್ಲಿ ಅಂಥ ಒಂದು ತೂತಿಂದ ನುಗ್ಗಿ, ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳಿದ ವೈರಸ್.

ವಿಂಡೋಸ್‌ನ ಫೈಲ್ ಶೇರಿಂಗಲ್ಲಿದ್ದ ಆ ತೂತು ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎಗೆ ಮೊದ್ಲೇ ಗೊತ್ತಿತ್ತು, ಮೈಕ್ರೋಸಾಫ್ಟ್‌ಗೆ ಹೇಳದೆ ಅದ್ರಿಂದ ನುಗ್ಗೋ ಟೂಲ್ ಮಾಡಿ ತಮ್ಮ ಕೆಲ್ಸಕ್ಕೆ ಇಟ್ಕೊಂಡಿದ್ರು, ಕೊನೆಗೆ ಆ ಟೂಲೇ ಕಳುವಾಯ್ತು. 2017ರ ಮಾರ್ಚ್ 14ಕ್ಕೆ ಮೈಕ್ರೋಸಾಫ್ಟಿಂದ ಪ್ಯಾಚ್ (ತೂತು ಮುಚ್ಚೋ ಅಪ್ಡೇಟು) ಬಂತು, ಏಪ್ರಿಲ್ 14ಕ್ಕೆ ಶ್ಯಾಡೋ ಬ್ರೋಕರ್ಸ್ ಅನ್ನೋ ಗುಂಪು ಟೂಲನ್ನ ನೆಟ್ಟಿಗೆ ಬಿಡ್ತು, ಮೇ 12ಕ್ಕೆ ಅದನ್ನೇ ಬಳಸಿ ವಾನಾಕ್ರೈ. ಬ್ರಿಟನ್ ಆಸ್ಪತ್ರೆಗಳಲ್ಲಿ ಕಂಪ್ಯೂಟರ್ ಮೇಲೆ ಕೆಂಪು ಕಿಟಕಿ, 300 ಡಾಲರ್ ಬಿಟ್‌ಕಾಯಿನಲ್ಲಿ ಕಟ್ಟು ಅಂತ, ಎಡಗಡೆ ಟೈಮರ್ ಇಳೀತಾ ಇದೆ, ಅಪಾಯಿಂಟ್‌ಮೆಂಟು ಆಪರೇಷನ್ನು ಸಾವಿರಾರು ಕ್ಯಾನ್ಸಲ್. ಮುಚ್ಚಿಟ್ಟಿದ್ದು ಒಂದು ತಪ್ಪು, ಪ್ಯಾಚ್ ಬಂದ್ಮೇಲೂ ಎರಡು ತಿಂಗ್ಳು ಹಾಕದೆ ಕೂತಿದ್ದು ಇನ್ನೊಂದು (ನಾವೇನು ಕಮ್ಮಿ, ‘ಆಮೇಲೆ ನೆನಪಿಸು’ ಒತ್ತೋರೇ ಎಲ್ಲ).

ಹಾಗಂತ ತೂತು ಸಿಕ್ಕಿದ ಕೂಡ್ಲೇ ಟ್ವೀಟ್ ಮಾಡೋದೂ ಸರಿಯಲ್ಲ. ಸರಿಯಾಗಿ ಕೆಲ್ಸ ಮಾಡೋರು ಮೊದ್ಲು ಕಂಪನಿಗೆ ಗುಟ್ಟಾಗಿ ಹೇಳಿ ಸರಿಮಾಡೋಕೆ ಟೈಮ್ ಕೊಡ್ತಾರೆ, ಗೂಗಲ್‌ನ ತೂತು ಹುಡುಕೋ ಟೀಮ್ ಪ್ರಾಜೆಕ್ಟ್ ಝೀರೋ ಸಾಮಾನ್ಯವಾಗಿ 90 ದಿನ ಕೊಡುತ್ತೆ, ಆಮೇಲೆ ಬಹಿರಂಗ ಮಾಡುತ್ತೆ. ಗಡುವು ಯಾಕೆ ಅಂದ್ರೆ, ಗಡುವಿಲ್ದಿದ್ರೆ ಎಷ್ಟೋ ಕಂಪನಿ ನಾಳೆ ನಾಳೆ ಅಂತಾನೇ ಇರ್ತವೆ. ನಮ್ಮಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೂ ತಿಳಿಸ್ಬಹುದು, ಆದ್ರೆ ಪರ್ಮಿಷನ್ ಇಲ್ದೆ ಬೇರೆಯವ್ರ ಸರ್ವರ್‌ಗೆ ಕೈ ಹಾಕಿದ್ರೆ ಐಟಿ ಆಕ್ಟ್ ಸೆಕ್ಷನ್ 43 ಇದೆ, ಒಳ್ಳೆ ಉದ್ದೇಶ ಅಂದ್ರೂ ತೊಂದ್ರೆ ಆಗ್ಬಹುದು.